ಪಟ್ಟಿಯಲ್ಲಿ ಹನ್ನೆರಡು ಚಿತ್ರ

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಮದ್ದೂರಿನ ಬಸ್ ನಿಲ್ದಾಣದಲ್ಲಿ. ಮಳವಳ್ಳಿ ಬಸ್ಸಿನಿಂದ ಇಳಿದ ಲೆಕ್ಕದ ಮೇಷ್ಟ್ರು, ನನ್ನ ಜೊತೆ ಏಳು ವರ್ಷ ಒಂದೇ ಹೈಸ್ಕೂಲಿನಲ್ಲಿ ಪಾಠ ಮಾಡಿದವರು, ಕೊಡೆಯ ತುದಿಯಿಂದ ನನ್ನ ಭುಜ ತಟ್ಟಿ, "ನಿಂಗೆ ಗೊತ್ತಾಯ್ತೇನ್ಲಾ? ನಮ್ ಡ್ರಾಯಿಂಗ್ ಮೇಷ್ಟ್ರು ಓಗ್ಬುಟ್ರಂತೆ. ಓದ್ ಸೋಮಾರ. ಅಲಗೂರ್ ತಾವ ಅವ್ರ್ ಗದ್ದೇಲೇ ಮಣ್ ಮಾಡವ್ರೆ" ಅಂದರು.

ಸಾವಿನ ಸುದ್ದಿ ಕೇಳಿದೊಡನೆ ಸತ್ತವರ ಮುಖ ಕಣ್ಣಮುಂದೆ ಬರುತ್ತದೆ ಅನ್ನುತ್ತಾರೆ. ನನಗೆ ಮೊದಲು ಬಂದ ಯೋಚನೆ ಬೇರೆ: ಅವರ ಹತ್ತಿರ ನಮ್ಮ ಲೈಬ್ರರಿಯ ಪುಸ್ತಕ ಯಾವುದಾದರೂ ಉಳಿದುಬಿಟ್ಟಿದೆಯೇ? ನಾನು ಆ ಸ್ಕೂಲು ಬಿಟ್ಟು ಮದ್ದೂರಿಗೆ ವರ್ಗವಾಗಿ ಎರಡು ವರ್ಷವಾಗಿತ್ತು. ಲೈಬ್ರರಿಯ ಬೀಗದಕೈ ಬೇರೆ ಯಾರದೋ ಸೊಂಟದಲ್ಲಿತ್ತು. ಆದರೂ ಬಂದ ಯೋಚನೆ ಅದೇ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಅವರ ವಿಷಯ ಬರೆಯಲು ಕೂತು ನನ್ನ ವಿಷಯ ಮುಚ್ಚಿಟ್ಟರೆ ಅವರ ಚಿತ್ರವೂ ಸರಿಯಾಗಿ ಮೂಡುವುದಿಲ್ಲ.

ನನ್ನದು ಹುಟ್ಟು ಅನುಮಾನದ ಬುದ್ಧಿ. ನಮ್ಮಪ್ಪ ಮಂಡ್ಯದ ರೈಲ್ವೆ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಪ್ರತಿಯೊಂದು ಮೂಟೆಯನ್ನೂ ಎರಡು ಸಲ ತೂಗಿಸುತ್ತಿದ್ದರು. ಅದು ನನಗೂ ಬಂದಿದೆ. ಮನೆಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋದಮೇಲೆ ವಾಪಸು ಬಂದು ಜಗ್ಗಿ ನೋಡುತ್ತೇನೆ. ಹಾಲು ಕರೆಯುವಾಗ ಪಕ್ಕದಲ್ಲೇ ನಿಲ್ಲುತ್ತೇನೆ. "ನಿಮ್ಮನ್ನ ಸ್ವರ್ಗಕ್ಕೆ ಕರ್ಕೊಂಡು ಹೋದ್ರೂ ಅಲ್ಲಿನ ಚಿಲಕ ಅಲ್ಲಾಡಿಸಿ ನೋಡ್ತೀರಿ" ಅಂತ ನನ್ನ ಹೆಂಡತಿ ಹೇಳುವುದುಂಟು. ಈ ಗುಣವನ್ನು ಮೆಚ್ಚಿದವರು ನಮ್ಮ ಹೆಡ್‌ಮಾಸ್ಟರು ಒಬ್ಬರೇ. ನಾನು ಸಮಾಜ ಪಾಠದ ಮೇಷ್ಟ್ರಾದರೂ ಲೈಬ್ರರಿಯ ಆರು ಬೀರುಗಳನ್ನು ನನ್ನ ವಶಕ್ಕೆ ಕೊಟ್ಟರು.

ಆ ಸ್ಕೂಲು ಮಳವಳ್ಳಿ ಕಡೆಯದು, ಹೆಸರು ಬೇಡ. ಡ್ರಾಯಿಂಗ್ ಮೇಷ್ಟ್ರು ಹಲಗೂರಿನ ಹತ್ತಿರದ ಹಳ್ಳಿಯಿಂದ ದಿನಾ ಮೊದಲ ಬಸ್ಸಿಗೆ ಬರುತ್ತಿದ್ದರು. ಊರಿನಲ್ಲಿ ಗದ್ದೆ, ಹಿಪ್ಪುನೇರಳೆ ತೋಟ ಇತ್ತು. ಬೆಳಗ್ಗೆ ಸೊಪ್ಪು ಕೊಯ್ದು, ರೇಷ್ಮೆ ಹುಳಕ್ಕೆ ಹಾಕಿ, ಕೈ ತೊಳೆದು ಬಂದವರು ಬೋರ್ಡಿನ ಮೇಲೆ ಒಂದೇ ಏಟಿಗೆ ದುಂಡನೆಯ ವೃತ್ತ ಎಳೆಯುತ್ತಿದ್ದರು. ಬಿಳಿ ಪಂಚೆ, ತೋಳು ಮಡಿಸಿದ ಷರಟು. ಜೇಬಿನಲ್ಲಿ ಒಂದು ಪೆನ್ಸಿಲ್ಲು, ಕಾಗದದಲ್ಲಿ ಸುತ್ತಿದ ಅರ್ಧ ಬ್ಲೇಡು, ಮತ್ತು ವಾಚು ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಒಂದು ಮಸೂರ. ಡ್ರಾಯಿಂಗ್ ಮೇಷ್ಟ್ರ ಜೇಬಿನಲ್ಲಿ ಬ್ಲೇಡು ಇರುವುದು ಪೆನ್ಸಿಲ್ಲಿಗೆ ಎಂದು ಯಾರಿಗಾದರೂ ಹೊಳೆಯುತ್ತದೆ. ನನಗೆ ಮಾತ್ರ ಲೈಬ್ರರಿಯ ಬಾಗಿಲಲ್ಲಿ ಅವರು ಕಂಡಾಗಲೆಲ್ಲ ಕಣ್ಣು ಆ ಜೇಬಿಗೇ ಹೋಗುತ್ತಿತ್ತು.

ಪುಸ್ತಕವನ್ನು ಅವರು ಹಿಡಿಯುತ್ತಿದ್ದ ರೀತಿಯೇ ಬೇರೆ. ಮೊದಲು ಓದುತ್ತಿರಲಿಲ್ಲ. ಮೂಗಿನ ಹತ್ತಿರ ತಂದು ಮೂಸುತ್ತಿದ್ದರು. ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿ ಹೊಲಿಗೆಯೋ, ಬರೀ ಗೋಂದೋ ನೋಡುತ್ತಿದ್ದರು. ಆಮೇಲೆ ಸರಿಯಾಗಿ ಮಧ್ಯಕ್ಕೆ ಬಿಡಿಸಿ, ಒಂದು ಹಾಳೆಯನ್ನು ಎರಡು ಬೆರಳ ನಡುವೆ ಉಜ್ಜಿ, ಕಣ್ಣು ಮುಚ್ಚಿ, "ಊಂ" ಅನ್ನುತ್ತಿದ್ದರು. ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ಎಂದು ಆ "ಊಂ" ಕೇಳಿದರೆ ತಿಳಿಯುತ್ತಿತ್ತು. ಎಂಜಲು ಹಚ್ಚಿ ಪುಟ ತಿರುಗಿಸುವವರನ್ನು ಕಂಡರೆ, ಅವರು ಹೆಡ್‌ಮಾಸ್ಟರೇ ಆಗಿರಲಿ, "ನೀರ್ ಬೇಕಾರೆ ತಂದ್ಕೊಡ್ತೀನಿ ಸಾ, ಎಂಜ್ಲು ಬ್ಯಾಡಿ" ಅನ್ನುತ್ತಿದ್ದರು.

ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಒಮ್ಮೆ ಕಾಫಿ ಆರುತ್ತಿದ್ದರೂ ಕುಡಿಯದೆ ಗೋಡೆಯ ಲಕ್ಷ್ಮಿ ಕ್ಯಾಲೆಂಡರನ್ನೇ ನೋಡುತ್ತ ಕೂತಿದ್ದರು. ಭಕ್ತಿ ಇರಬೇಕು ಅಂದುಕೊಂಡೆ.

"ಓದ್ ವರ್ಸ ಕೆಂಪು ತುಟಿ ಗೆರೆ ಒಳಗೇ ಇತ್ತು ಸಾ. ಈ ವರ್ಸ ಆಚೆ ಬಂದದೆ ನೋಡಿ. ಅದೇ ಚಿತ್ರ, ಅದೇ ಅಂಗಡಿ. ಬಣ್ಣ ಹಾಕೋನು ಅವಸ್ರ ಮಾಡವ್ನೆ."

ನಾನು ಎದ್ದು ಹೋಗಿ ನೋಡಿದೆ. ನನಗೆ ಲಕ್ಷ್ಮಿ ಕಂಡಳು, ತುಟಿ ಕಂಡಿತು. ಆಚೆ ಬಂದದ್ದು ಏನೂ ಕಾಣಲಿಲ್ಲ. ಇವರು ಇಲ್ಲದ್ದನ್ನು ಇದೆ ಎಂದು ಹೇಳಿ ನಮ್ಮನ್ನು ದಡ್ಡರನ್ನಾಗಿ ಮಾಡುತ್ತಾರೆ ಎಂಬ ಗುಮಾನಿ ನನಗೆ ಅವತ್ತಿನಿಂದ ಶುರುವಾಯಿತು.

ಈಗ "ಗಿಳಿಗಡ"ದ ವಿಷಯಕ್ಕೆ ಬರಬೇಕು. ಅದು ಕಥೆಯ ಪುಸ್ತಕವೂ ಹೌದು, ಆಟವೂ ಹೌದು. ಮೈಸೂರಿನ ಯಾವುದೋ ಸಣ್ಣ ಪ್ರೆಸ್ಸು ಹಿಂದೆ ಅಚ್ಚು ಹಾಕಿದ್ದು. ಬರೆದವರ ಹೆಸರೂ ಇರಲಿಲ್ಲ, ಚಿತ್ರ ಬಿಡಿಸಿದವರ ಹೆಸರೂ ಇರಲಿಲ್ಲ. ನಾಲ್ಕು ಜನ ಸುತ್ತ ಕೂರಬೇಕು: ಒಬ್ಬ ರಾಜಕುಮಾರ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ, ಒಬ್ಬ ಕೋಟೆಯ ಕಾವಲುಗಾರ. ಕವಡೆ ಎಸೆದರೆ ಬಿದ್ದ ಲೆಕ್ಕದ ಪ್ರಕಾರ ಯಾವ ಪುಟಕ್ಕೆ ಹೋಗಬೇಕೆಂದು ಪುಸ್ತಕವೇ ಹೇಳುತ್ತದೆ. ಅಲ್ಲಿ ರಾಕ್ಷಸನೋ, ಬೆಂಕಿ ಹರಿಯುವ ಹೊಳೆಯೋ ಎದುರಾದರೆ ಅವರವರು ತಮ್ಮ ಪಾತ್ರದ ಮಾತನ್ನು ತಾವೇ ಕಟ್ಟಿ ಆಡಿ ದಾಟಬೇಕು. ನಡುನಡುವೆ ಪೂರ್ತಿ ಪುಟದ ಚಿತ್ರಗಳು. ಕೆಲವು ಕಡೆ ಚಿತ್ರವಿಲ್ಲದೆ ಆಟ ಮುಂದೆ ಹೋಗುವ ಹಾಗಿಲ್ಲ. "ಎದುರಿನ ಚಿತ್ರದಲ್ಲಿ ಗೋಡೆಯ ಮೇಲೆ ಎಷ್ಟು ಗಿಳಿಗಳಿವೆಯೋ ಅಷ್ಟು ಪುಟ ಮುಂದೆ ನಡೆಯಿರಿ" ಎಂದು ಬರೆದಿರುತ್ತಿತ್ತು.

ನಮ್ಮ ಲೈಬ್ರರಿಯಲ್ಲಿ ಇದ್ದದ್ದು ಎರಡನೇ ಮುದ್ರಣದ ಪ್ರತಿ. ಡ್ರಾಯಿಂಗ್ ಮೇಷ್ಟ್ರ ಹತ್ತಿರ ಅವರಪ್ಪ ಕೊಡಿಸಿದ ಮೊದಲ ಮುದ್ರಣ ಇತ್ತು. ಶನಿವಾರ ಅರ್ಧ ದಿನದ ಸ್ಕೂಲು. ಎರಡು ಗಂಟೆಯ ಬಸ್ಸಿಗೆ ಕಾಯುತ್ತ ಸ್ಟಾಫ್ ರೂಮಿನಲ್ಲಿ ನಾವು ದೊಡ್ಡವರೇ ಅದನ್ನು ಆಡಲು ಶುರುಮಾಡಿದೆವು. ಹೆಡ್‌ಮಾಸ್ಟರಿಗೆ ರಾಜಕುಮಾರನೇ ಆಗಬೇಕು. ಲೆಕ್ಕದ ಮೇಷ್ಟ್ರು ಮಂತ್ರವಾದಿ. ಮಂತ್ರ ಬಾರದೆ ಮಗ್ಗಿ ಹೇಳಿ ರಾಕ್ಷಸನನ್ನು ಓಡಿಸುತ್ತಿದ್ದರು. ಡ್ರಾಯಿಂಗ್ ಮೇಷ್ಟ್ರು ತಾವೇ ಕೇಳಿ ಕಳ್ಳನ ಪಾತ್ರ ತೆಗೆದುಕೊಳ್ಳುತ್ತಿದ್ದರು. ನನ್ನನ್ನು ಮೊದಲ ದಿನವೇ ತೋರಿಸಿ, "ಇವ್ರೇ ಕಾವಲುಗಾರ ಕಣ್ ಸಾ. ಇನ್ಯಾರ್ ಕೈಲೂ ಆಗಾಕಿಲ್ಲ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕಾವಲುಗಾರನಿಗೆ ಆಟದಲ್ಲಿ ಒಂದು ಅಧಿಕಾರವಿತ್ತು. ಯಾರನ್ನು ಬೇಕಾದರೂ ತಡೆದು ಗಂಟು ಬಿಚ್ಚಿಸಿ ನೋಡಬಹುದು. ಗಂಟಿನಲ್ಲಿ ಕದ್ದ ಮಾಲು ಇದ್ದರೆ ಕಾವಲುಗಾರ ಗೆದ್ದ. ಇಲ್ಲದಿದ್ದರೆ ಅವನೇ ಕೋಟೆಯ ಮೊದಲನೇ ಬಾಗಿಲಿಗೆ, ಅಂದರೆ ಆಟದ ಶುರುವಿಗೆ, ವಾಪಸು ಹೋಗಬೇಕು. ನಾನು ಪ್ರತಿ ಶನಿವಾರ ಎಲ್ಲರನ್ನೂ ತಡೆಯುತ್ತಿದ್ದೆ. ಹೀಗಾಗಿ ಒಂದು ವರ್ಷದಲ್ಲಿ ಮೂರನೇ ಬಾಗಿಲು ದಾಟಿದ್ದೇ ಇಲ್ಲ.

ಆ ಆಟಕ್ಕೆ ಅವರು ತಮ್ಮ ಸ್ವಂತ ಪ್ರತಿಯನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು. "ಲೈಬ್ರರಿಯಲ್ಲೇ ಒಂದಿದೆಯಲ್ಲ?" ಅಂತ ನಾನು ಕೇಳಿದ್ದೆ. "ಅದ್ರಲ್ಲಿ ಆಡಾಕಾಗಲ್ಲ ಬುಡಿ ಸಾ, ಮಧ್ಯದಲ್ಲಿ ನಿಂತೋಯ್ತದೆ" ಅಂದಿದ್ದರು. ನಾನು ಯಾಕೆಂದು ಕೇಳಲಿಲ್ಲ. ಆದರೆ ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಆ ದಸರಾ ರಜೆಗೆ ಅವರು ಲೈಬ್ರರಿಯ ಪ್ರತಿಯನ್ನೂ ಸಹಿ ಹಾಕಿ ಊರಿಗೆ ಒಯ್ದರು. ಆಡಲಾಗದ ಪುಸ್ತಕ ಇವರಿಗೆ ಯಾಕೆ? ಅದನ್ನೂ ಗುರುತು ಹಾಕಿಕೊಂಡೆ.

ಮಾರನೆಯ ವರ್ಷ ಹೊಸ ಪುಸ್ತಕಗಳ ಪಾರ್ಸಲ್ಲಿನಲ್ಲಿ "ಗಿಳಿಗಡ"ದ ಮೂರನೇ ಮುದ್ರಣ ಬಂತು. ಬಣ್ಣದ ರಕ್ಷಾಪುಟ, ಮಿರಮಿರ ಮಿಂಚುತ್ತಿತ್ತು. ಹೆಡ್‌ಮಾಸ್ಟರು ಮಕ್ಕಳ ಹಾಗೆ ಸಂತೋಷಪಟ್ಟರು. ಆ ಶನಿವಾರ ಡ್ರಾಯಿಂಗ್ ಮೇಷ್ಟ್ರು ಆಟ ಬೇಡವೆಂದು ಹೇಳಿ ಮೇಜಿನ ಮೇಲೆ ಮೂರು ಮುದ್ರಣಗಳನ್ನೂ ಸಾಲಾಗಿ ಬಿಡಿಸಿಟ್ಟರು. ಒಂದು ಅವರದು, ಎರಡು ನಮ್ಮವು. ಅವರನ್ನು ಅಷ್ಟು ಹುರುಪಿನಲ್ಲಿ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

"ಇದ್ ನೋಡಿ ಸಾ, ಮೊದಲ್ನೇದು. ಚಿತ್ರಕ್ಕೇ ಬ್ಯಾರೆ ದಪ್ಪ ಕಾಗ್ದ. ರಾಕ್ಸಸನ ಮೀಸೇಲಿ ಒಂದೊಂದ್ ಕೂದ್ಲೂ ಎಣಿಸ್ಬೋದು. ಇದು ಎರಡ್ನೇದು. ಅದೇ ಅಚ್ಚು, ಸವೆದೋಗದೆ. ಮೀಸೆ ಮಸಿ ಆಗದೆ. ಕಾಗ್ದ ನೋಡಿ, ಇತ್ಲಾಗೆ ಬರ್ದಿರೋದು ಅತ್ಲಾಗೆ ಕಾಣ್ತದೆ. ಇನ್ನು ಇದು ಮೂರ್ನೇದು." ಹೊಸದನ್ನು ಎತ್ತಿ ಹಿಡಿದರು. "ಕೈಯೇ ಬ್ಯಾರೆ. ಈ ಗಿಳಿ ನೋಡಿ, ಕಾಗೆಗೆ ಹಸಿರು ಬಳ್ದಂಗದೆ. ಹೊಲಿಗೆ ಇಲ್ಲ, ಪಿನ್ನು. ಮಕ್ಳು ಹತ್ ಕಿತ ತೆಗುದ್ರೆ ಹಾಳೆ ಕೈಗ್ ಬತ್ತದೆ. ರಾಕ್ಸಸಂಗೆ ಆರು ಬೆಳ್ಳು."

"ರಾಕ್ಷಸ ಕಣಯ್ಯ, ಇರಬಾರದೇನು ಆರು ಬೆರಳು?" ಅಂದರು ಹೆಡ್‌ಮಾಸ್ಟರು.

"ಎಡಗೈಲಿ ಐದೇ ಅವೆ ಸಾ."

ಲೆಕ್ಕದ ಮೇಷ್ಟ್ರು ಬಿದ್ದು ಬಿದ್ದು ನಕ್ಕರು. ಡ್ರಾಯಿಂಗ್ ಮೇಷ್ಟ್ರು ನಗಲಿಲ್ಲ. "ನಗಾಡ್ಬ್ಯಾಡಿ. ಮೊದಲ್ನೇದ್ ಬರ್ದ ಆ ಪುಣ್ಯಾತ್ಮ ಒಂದು ಗಿಳಿಗೂ ಇನ್ನೊಂದು ಗಿಳಿ ಮಖ ಇಕ್ಕಿಲ್ಲ. ಮೂರ್ನೇದ್ರಲ್ಲಿ ಚಿತ್ರದ ಪಟ್ಟೀನೂ ತೆಗ್ದುಬುಟ್ಟವ್ರೆ. ಎಣಿಸ್ತಾರೆ ಅನ್ನೋ ಬಯ ಇರ್ಬೇಕು" ಅಂದರು.

ಪಟ್ಟಿ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ನಮ್ಮ ಎರಡನೇ ಮುದ್ರಣದ ಪ್ರತಿಯನ್ನು ಮೆಲ್ಲಗೆ ಈಚೆಗೆ ಎಳೆದುಕೊಂಡೆ. ಆರಂಭದ ಪುಟದಲ್ಲಿ "ಚಿತ್ರಗಳ ಪಟ್ಟಿ" ಇತ್ತು. ಹನ್ನೆರಡು. ಅವರು ಮಾತಾಡುತ್ತಿರುವಾಗಲೇ ಒಂದೊಂದಾಗಿ ಎಣಿಸಿದೆ. ಒಂಬತ್ತು. ಮತ್ತೆ ಎಣಿಸಿದೆ. ಒಂಬತ್ತು. ಚಿತ್ರದ ಹಾಳೆಗಳಿಗೆ ಪುಟದ ಅಂಕಿ ಇರಲಿಲ್ಲ, ಹಾಗಾಗಿ ಇಷ್ಟು ದಿನ ನನಗೆ ತಿಳಿದಿರಲಿಲ್ಲ. ಆಮೇಲೆ ಅವರ ಪ್ರತಿಯನ್ನು ಎಣಿಸಿದೆ. ಹನ್ನೆರಡು. ನಮ್ಮದರಲ್ಲಿ ಇಲ್ಲದ ಮೂರೂ ಅವರದರಲ್ಲಿ ಇದ್ದವು: ಗಿಳಿಗಳ ಗೋಡೆ, ಬೆಂಕಿಯ ಹೊಳೆ, ಕೊನೆಯ ಬಾಗಿಲು.

ಅನುಮಾನದವನು ಕೂಡಲೇ ಬಾಯಿ ಬಿಡುವುದಿಲ್ಲ. ಆ ಭಾನುವಾರವೆಲ್ಲ ಕೂತು ಸಾಕ್ಷಿ ಜೋಡಿಸಿದೆ. ದಸರಾ ರಜೆಯಲ್ಲಿ ಪುಸ್ತಕ ಅವರ ಮನೆಯಲ್ಲಿತ್ತು. ಜೇಬಿನಲ್ಲಿ ಬ್ಲೇಡು. "ಆಡಾಕಾಗಲ್ಲ" ಎಂಬ ಮಾತು. ಅದು ರಜೆಗೆ ಮುಂಚೆಯೇ ಆಡಿದ ಮಾತು ಎಂಬುದು ನನಗೆ ಅಡ್ಡ ಬರಲಿಲ್ಲ. ಚಿತ್ರ ಹೋದದ್ದು ಅವರಿಗೆ ಮೊದಲೇ ಗೊತ್ತಿತ್ತು. ಆ ಚಿತ್ರಗಳ ಮೇಲೆ ಅವರಿಗೆ ಎಷ್ಟು ಆಸೆ ಎಂದು ನಾವೇ ಕಣ್ಣಾರೆ ಕಂಡಿದ್ದೆವು. ಒಂದಕ್ಕೊಂದು ಎಷ್ಟು ಚೆನ್ನಾಗಿ ಕೂಡಿಕೊಂಡಿತೆಂದರೆ ನನಗೆ ಒಂದು ಬಗೆಯ ಸಂತೋಷವೇ ಆಯಿತು. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ, ಆದರೆ ಆದದ್ದು ಸಂತೋಷವೇ.

ಸೋಮವಾರ ಕೇಳಿದೆ. "ಮೇಷ್ಟ್ರೇ, ನಮ್ಮ ಪ್ರತಿಯಲ್ಲಿ ಮೂರು ಚಿತ್ರ ಇಲ್ಲ."

"ಇಲ್ಲ ಕಣ್ ಸಾ. ಎರಡ್ನೇ ಮುದ್ರಣದಲ್ಲಿ ಅವ್ರು ಹಾಕೇ ಇಲ್ಲ. ಕರ್ಚು ಉಳ್ಸವ್ರೆ."

"ಪಟ್ಟಿಯಲ್ಲಿ ಹನ್ನೆರಡು ಇದೆಯಲ್ಲ?"

"ಪಟ್ಟಿ ಹಳೇದು. ಅಚ್ಚಿನ ಮೊಳೆ ಜೋಡ್ಸಿದ್ದು ಅಂಗೇ ಇತ್ತು, ಅಂಗೇ ಅಚ್ಚು ಹಾಕವ್ರೆ."

"ಅದು ನಿಮಗೆ ಹೇಗೆ ಗೊತ್ತು?"

ಆಗ ಅವರು ನನ್ನ ಮುಖ ನೋಡಿದರು. ನಾನು ಏನು ಕೇಳುತ್ತಿದ್ದೇನೆಂದು ಅವರಿಗೆ ತಿಳಿದದ್ದು ಆಗಲೇ. ಕೋಪ ಬರಲಿಲ್ಲ. ಹೋಗಿ ತಮ್ಮ ಪ್ರತಿ ತಂದರು. ನಮ್ಮದರ ಪಕ್ಕದಲ್ಲಿ ಇಟ್ಟು, ನನ್ನ ಕೈ ಹಿಡಿದು, ಬೆರಳಿನಿಂದ ಎರಡು ಹಾಳೆಗಳನ್ನೂ ಉಜ್ಜಿಸಿದರು. "ನಂದು ದಪ್ಪ, ನಿಮ್ದು ತೆಳು. ನಿಮ್ದ್ರಿಂದ ಕಿತ್ತು ನಂದಕ್ಕೆ ಹಾಕುದ್ರೆ ತೆಳು ಹಾಳೆ ಇರ್ಬೇಕಲ್ಲ ಸಾ? ಮತ್ತೆ ಇಲ್ಲಿ ಹೊಲಿಗೆ ಸಂದೀಲಿ ಬೆಳ್ಳು ಆಡ್ಸಿ. ಕುಯ್ದ್ರೆ ಚೂರು ಉಳೀತದೆ. ಅದೆಯಾ?"

ಬೆರಳಾಡಿಸಿದೆ. ನುಣ್ಣಗಿತ್ತು. ಇಷ್ಟು ನುಣ್ಣಗೆ ಕೊಯ್ಯಲು ಇವರಿಗಲ್ಲದೆ ಇನ್ನಾರಿಗೆ ಬರುತ್ತದೆ ಅಂದುಕೊಂಡೆ. ದಪ್ಪ, ತೆಳು ಯಾವುದೂ ನನ್ನ ಬೆರಳಿಗೆ ತಿಳಿಯಲಿಲ್ಲ. ನನಗೆ ಕಾಗದ ಎಂದರೆ ಕಾಗದ. ಅಚ್ಚಾದ ಪಟ್ಟಿ ಸುಳ್ಳು ಹೇಳುವುದಿಲ್ಲ, ಮನುಷ್ಯ ಹೇಳುತ್ತಾನೆ ಎಂಬುದು ನನ್ನ ಲೆಕ್ಕ.

"ನೋಡುದ್ರೆ ಗೊತ್ತಾಯ್ತದಲ್ಲ ಸಾ" ಅಂದರು ಕೊನೆಗೆ. ಸ್ವರ ಸೋತಿತ್ತು.

ಪ್ರೆಸ್ಸಿಗೆ ಒಂದು ಕಾರ್ಡು ಬರೆದು ಕೇಳಿ ಎಂದು ಅವರೇ ವಿಳಾಸ ಕೊಟ್ಟರು. ಬರೆದೆ. ಉತ್ತರ ಬರಲಿಲ್ಲ. ವಿಳಾಸ ಸರಿಯಾದದ್ದೋ ಅಲ್ಲವೋ ಎಂದು ಅದನ್ನೂ ಅನುಮಾನಿಸಿದೆ.

ಆ ಸಮಯದಲ್ಲೇ ಮಂಡ್ಯದಿಂದ ಒಂದು ಪತ್ರ ಬಂದಿತ್ತು. ಅಲ್ಲಿ ಮೇಷ್ಟ್ರಾಗುವವರಿಗೆ ಚಿತ್ರ ಬಿಡಿಸುವುದನ್ನು ಕಲಿಸಲು ಒಬ್ಬರು ಬೇಕಾಗಿದ್ದರು. ಹೆಡ್‌ಮಾಸ್ಟರು ಒಳ್ಳೆಯ ಮಾತು ಬರೆದು ಕಳಿಸಿದರೆ ಡ್ರಾಯಿಂಗ್ ಮೇಷ್ಟ್ರಿಗೆ ಆ ಜಾಗ ಖಂಡಿತ. ಅವರ ಜೀವನದಲ್ಲಿ ಅವರು ಆಸೆಪಟ್ಟು ಕೇಳಿದ್ದು ನನಗೆ ಗೊತ್ತಿದ್ದ ಹಾಗೆ ಅದೊಂದೇ. ನಮ್ಮ ಸ್ಕೂಲಿನಲ್ಲಿ ಡ್ರಾಯಿಂಗ್ ಪೀರಿಯಡ್ಡೆಂದರೆ ಬೇರೆ ಪಾಠ ಮುಗಿಯದವರು ಕಡ ತೆಗೆದುಕೊಳ್ಳುವ ಪೀರಿಯಡ್ಡು. ಮಂಡ್ಯದಲ್ಲಿ ಅದೇ ಪಾಠ. "ಒಂದ್ ಮೂರ್ ವರ್ಸ ನೋಡೋರಿಗೆ ನೋಡಾದು ಕಲ್ಸುದ್ರೆ ಸಾಕು ಸಾ, ಆಮೇಲೆ ರೇಸ್ಮೆ ಉಳ ಸಾಕ್ಕೊಂಡಿರ್ತೀನಿ" ಅಂತ ಎಲ್ಲರ ಹತ್ತಿರ ಹೇಳಿದ್ದರು.

ಹೆಡ್‌ಮಾಸ್ಟರು ನನ್ನನ್ನು ಕರೆದರು. "ನೋಡ್ರೀ, ನಾನು ಇವರನ್ನು ಕಳಿಸಿ, ನಾಳೆ ಅಲ್ಲಿ ಏನಾದರೂ ಆದರೆ ಮಾತು ನನ್ನ ಮೇಲೆ ಬರುತ್ತೆ. ನಿಮ್ಮ ಲೈಬ್ರರಿಯ ವಿಷಯ ನೀವೇ ಬರೆದುಕೊಡಿ. ಇದ್ದದ್ದು ಇದ್ದ ಹಾಗೆ."

ಎರಡು ವಾಕ್ಯ ಬರೆದೆ. "ಪಟ್ಟಿಯಂತೆ ಇರಬೇಕಾದ ಹನ್ನೆರಡು ಚಿತ್ರಗಳಲ್ಲಿ ಮೂರು ಕಾಣುತ್ತಿಲ್ಲ. ಪುಸ್ತಕವನ್ನು ಕಡೆಯ ಬಾರಿ ಪಡೆದವರು ಡ್ರಾಯಿಂಗ್ ಶಿಕ್ಷಕರು." ಎರಡೂ ನಿಜವೇ. ಕಳ್ಳತನ ಎಂಬ ಮಾತನ್ನು ನಾನು ಬರೆಯಲೇ ಇಲ್ಲ. ಇದನ್ನು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಮಂಡ್ಯಕ್ಕೆ ಹೋದದ್ದು ಬೇರೆ ಸ್ಕೂಲಿನ ಯಾರೋ.

ಒಂದು ತಿಂಗಳಾದ ಮೇಲೆ ಅವರು ಲೈಬ್ರರಿಗೆ ಬಂದು ಮೂರು ಹಾಳೆಗಳನ್ನು ನನ್ನ ಮೇಜಿನ ಮೇಲಿಟ್ಟರು. ಗಿಳಿಗಳ ಗೋಡೆ, ಬೆಂಕಿಯ ಹೊಳೆ, ಕೊನೆಯ ಬಾಗಿಲು. ಇಂಡಿಯಾ ಇಂಕಿನಲ್ಲಿ, ಗೆರೆಗೆ ಗೆರೆ ಮೊದಲ ಮುದ್ರಣದ ಹಾಗೆ ತಾವೇ ಬರೆದಿದ್ದರು. ನಮ್ಮ ಪುಸ್ತಕದ ಅಳತೆಗೆ ಸರಿಯಾಗಿ ಕತ್ತರಿಸಿ, ಅಂಟಿಸಲು ಅಂಚು ಬಿಟ್ಟಿದ್ದರು.

"ಕದ್ದಿಲ್ಲ ಅಂದಮೇಲೆ ಇದು ಯಾಕೆ?" ಅಂದೆ. ನನಗೆ ಅದು ತಪ್ಪೊಪ್ಪಿಗೆಯ ಹಾಗೆ ಕಂಡಿತು.

"ಕದ್ದಿದ್ಕಲ್ಲ ಸಾ. ಮಕ್ಳು ಆಡ್ಬೇಕಲ್ಲ. ಗಿಳಿ ಎಣ್ಸಿ ಅಂತ ಬರ್ದದೆ, ಎಣ್ಸಾಕೆ ಗಿಳಿ ಇಲ್ಲ. ಎಂಗೆ ಆಡಾದು?"

ನಾನು ಅಂಟಿಸಿದೆ. ಇನ್ನೊಮ್ಮೆ ಯಾರೂ ಕಿತ್ತುಕೊಳ್ಳದಿರಲಿ ಎಂದು ಅವರ ಎದುರಿಗೇ ಸ್ಕೂಲಿನ ಸೀಲು ತೆಗೆದು, ಮೂರು ಚಿತ್ರಗಳ ಮೇಲೂ ಹೊಡೆದೆ. ನೇರಳೆ ಶಾಯಿ, ಇನ್ನೂ "ಮೈಸೂರು ರಾಜ್ಯ" ಎಂದೇ ಇದ್ದ ಹಳೆಯ ಸೀಲು. ಗೋಡೆಯ ಮೇಲಿನ ಎರಡು ಗಿಳಿಗಳು ಅದರ ಕೆಳಗೆ ಹೋದವು. ಅವರು ಬಗ್ಗಿ ನೋಡಿದರು. "ಹಿಂದ್ಗಡೆ ಒಡೀಬೋದಾಗಿತ್ತು" ಅಂತಷ್ಟೇ ಹೇಳಿ ಹೊರಟುಹೋದರು.

ಅಲ್ಲಿಗೆ ಶನಿವಾರದ ಆಟ ನಿಂತಿತು. ಅವರು ತಮ್ಮ ಪುಸ್ತಕ ಮತ್ತೆ ತರಲಿಲ್ಲ. ಆದರೆ ಬೇರೊಂದು ಪದ್ಧತಿ ಶುರುವಾಯಿತು. ದಿನಾ ಸಂಜೆ ಬಸ್ಸಿಗೆ ಹೊರಡುವ ಮುಂಚೆ ಅವರು ಲೈಬ್ರರಿಯ ಬಾಗಿಲಿಗೆ ಬಂದು, ಬಟ್ಟೆಯ ಚೀಲದ ಬಾಯಿ ಅಗಲಿಸಿ ಹಿಡಿದು, "ನೋಡ್ಬುಡಿ ಸಾ" ಅನ್ನುತ್ತಿದ್ದರು. ಒಳಗೆ ಬುತ್ತಿಯ ಡಬ್ಬಿ, ಒಂದು ಟವಲು, ಬಣ್ಣದ ಪೆಟ್ಟಿಗೆ. ಮೊದಮೊದಲು ನನಗೆ ಕೋಪ ಬಂತು. ನನ್ನನ್ನು ಹಂಗಿಸುತ್ತಿದ್ದಾರೆ ಅಂದುಕೊಂಡೆ. ಆದರೆ ಅವರ ಮುಖದಲ್ಲಿ ಹಂಗಿಸುವ ಭಾವ ಇರಲಿಲ್ಲ. ಅವರು ನಿವೃತ್ತರಾಗುವವರೆಗೆ ಮೂರು ವರ್ಷ ಇದು ನಡೆಯಿತು. "ಬೇಡ ಬಿಡಿ ಮೇಷ್ಟ್ರೇ" ಎಂದು ಒಂದು ದಿನವಾದರೂ ಹೇಳಬಹುದಾಗಿತ್ತು. ಹೇಳಲಿಲ್ಲ. ಬಗ್ಗಿ ನೋಡುತ್ತಿದ್ದೆ.

"ಅದೆಷ್ಟ್ ದಿನ ನೋಡ್ತೀಯೋ ನೋಡು" ಅಂತ ಲೆಕ್ಕದ ಮೇಷ್ಟ್ರು ಒಮ್ಮೆ ಗೊಣಗಿದರು. "ಆಟದಲ್ಲಾಗಿದ್ರೆ ನೀನು ಇಷ್ಟೊತ್ಗೆ ಸಾವ್ರ ಕಿತ ಮೊದಲ್ನೇ ಬಾಗ್ಲಿಗೆ ಓಗ್ಬೇಕಾಗಿತ್ತು ಕಣ್ಲಾ."

ನಾನು ಮದ್ದೂರಿಗೆ ಬಂದ ಮೇಲೆ ಒಮ್ಮೆ ಬಸರಾಳಿನ ಒಂದು ಸ್ಕೂಲಿಗೆ ಪುಸ್ತಕಗಳ ಎಣಿಕೆಗೆಂದು ನನ್ನನ್ನು ಕಳಿಸಿದರು. ಎಣಿಕೆ ಎಂದರೆ ಎಲ್ಲರೂ ನನ್ನ ಹೆಸರನ್ನೇ ಹೇಳುವುದು. ಬೀರುವಿನ ಕೆಳಗಿನ ಅಂತಸ್ತಿನಲ್ಲಿ "ಗಿಳಿಗಡ" ಸಿಕ್ಕಿತು. ಎರಡನೇ ಮುದ್ರಣ. ಯಾರೂ ಮುಟ್ಟದ ಪ್ರತಿ. ಪ್ರೆಸ್ಸಿನವರು ಮೇಲಂಚನ್ನು ಸರಿಯಾಗಿ ಕತ್ತರಿಸದೆ ಕಳಿಸಿದ್ದರಿಂದ ಹಾಳೆಗಳು ಮಡಿಕೆ ಮಡಿಕೆಯಾಗಿ ಒಂದಕ್ಕೊಂದು ಕೂಡಿಕೊಂಡೇ ಇದ್ದವು. ಅವುಗಳ ಒಳಗಿನಿಂದ ಏನನ್ನಾದರೂ ತೆಗೆಯಬೇಕಾದರೆ ಮೊದಲು ಮಡಿಕೆ ಬಿಡಿಸಲೇಬೇಕು. ಆರಂಭದ ಪುಟದಲ್ಲಿ ಪಟ್ಟಿ ಇತ್ತು. ಹನ್ನೆರಡು. ಸ್ಕೇಲು ತೂರಿಸಿ ಒಂದೊಂದೇ ಮಡಿಕೆಯನ್ನು ನಾನೇ ಬಿಡಿಸುತ್ತ ಹೋದೆ. ಒಂಬತ್ತು ಚಿತ್ರ ಸಿಕ್ಕವು. ಗಿಳಿಗಳನ್ನು ಎಣಿಸಿ ಎಂದು ಬರೆದ ಪುಟದ ಎದುರಿಗೆ ಗಿಳಿಗಳಿರಲಿಲ್ಲ.

ಆ ಪ್ರತಿಯನ್ನೂ ಸ್ವಲ್ಪ ಹೊತ್ತು ಅನುಮಾನಿಸಿ ನೋಡಿದೆ. ಅನುಮಾನಿಸಲು ಏನೂ ಉಳಿದಿರಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು, ಹಾಳೆಯನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿದೆ. ತೆಳುವಾಗಿತ್ತು. ಹಿಂದಿನ ಅಕ್ಷರ ಮುಂದಕ್ಕೆ ಕಾಣುತ್ತಿತ್ತು. ಯಾರಿಗಾದರೂ ಕಾಣುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು.

ಮುಂದಿನ ಭಾನುವಾರವೇ ಹಲಗೂರಿಗೆ ಹೋಗಿ ಹೇಳಿಬಿಡಬೇಕು ಅಂದುಕೊಂಡೆ. ಮದ್ದೂರಿಂದ ಅದೇನು ಮಹಾ ದೂರವಲ್ಲ. ಆ ಭಾನುವಾರ ಮಳೆ ಬಂತು. ಅದರ ಮುಂದಿನದು ಶಿವಪುರದಲ್ಲಿ ನೆಂಟರ ಮನೆಯ ಗೃಹಪ್ರವೇಶ. ಆಮೇಲೆ ಪರೀಕ್ಷೆ. ಎಂಟು ತಿಂಗಳು ಹೀಗೇ ಕಳೆಯಿತು. ಬಸ್ಸಿಗೆ ಕೊರತೆ ಇರಲಿಲ್ಲ. ಎದುರಿಗೆ ನಿಂತು ಹೇಳಲು ನನಗೆ ಮುಖವಿರಲಿಲ್ಲ. ಕೊಡೆಯ ತುದಿ ಭುಜಕ್ಕೆ ತಾಗಿದ್ದು ಆಗಲೇ.

ಸುದ್ದಿ ಕೇಳಿದ ಮಾರನೆಯ ದಿನ ಹೋದೆ. ಮನೆಯ ಮುಂದೆ ರೇಷ್ಮೆ ಹುಳು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಖಾಲಿಯಾಗಿ ಬಿಸಿಲಿಗೆ ಒರಗಿಸಿದ್ದರು. ಆ ಸಲ ಹುಳು ಹಣ್ಣಾಗಿ ಗೂಡು ಕಟ್ಟಿರಲಿಲ್ಲವಂತೆ. ಅವರ ಹೆಂಡತಿ ಜಗುಲಿಯಲ್ಲಿ ಚಾಪೆ ಹಾಸಿದರು. ನಾನು ಸ್ಕೂಲಿನ ಹೆಸರು ಹೇಳಿದೆ.

"ಲೈಬ್ರರಿ ಮೇಷ್ಟ್ರಾ?" ಅಂದರು.

ಹೌದು ಅಂದೆ. ಬಯ್ಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಸುಲಭವಾಗುತ್ತಿತ್ತು. ಆಕೆ ಒಳಗೆ ಹೋಗಿ, ಒಂದು ತಗಡಿನ ಪೆಟ್ಟಿಗೆಯನ್ನು ಎಳೆದುಕೊಂಡು ಬಂದು ನನ್ನ ಮುಂದೆ ಮುಚ್ಚಳ ತೆಗೆದರು.

"ಇಸ್ಕೂಲಿನೋರು ಯಾರಾರ ಬಂದ್ರೆ ತೆಗ್ದು ತೋರ್ಸು ಅಂದಿದ್ರು. ನೋಡ್ಬುಡಿ."

ಅದೇ ಮಾತು. ನಲವತ್ತೋ ಐವತ್ತೋ ಪುಸ್ತಕಗಳಿದ್ದವು. ನೋಡುವುದು ಬೇಡವೆಂದು ಹೇಳಬೇಕೆನ್ನುವಷ್ಟರಲ್ಲಿ ಕೈ ತಾನಾಗಿ ಮೇಲಿನದನ್ನು ತೆಗೆದಿತ್ತು. ಮೊದಲ ಪುಟದಲ್ಲಿ, ಅವರ ದುಂಡನೆಯ ಅಕ್ಷರದಲ್ಲಿ, "ಇದು ನನ್ನ ಸ್ವಂತದ್ದು. ಶಾಲೆಯದಲ್ಲ" ಎಂದು ಬರೆದು ಸಹಿ ಮಾಡಿದ್ದರು. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲೂ ಅದೇ. ಎಲ್ಲದರಲ್ಲೂ. ಅಡಿಯಲ್ಲಿ ಬಟ್ಟೆ ಸುತ್ತಿದ "ಗಿಳಿಗಡ" ಇತ್ತು. ಅದರಲ್ಲಿ ಮೊದಲ ಪುಟದಲ್ಲಿ ಬರೆದಷ್ಟಕ್ಕೇ ಬಿಟ್ಟಿರಲಿಲ್ಲ. ಹನ್ನೆರಡು ಚಿತ್ರಗಳ ಹಿಂದೆಯೂ ಬರೆದಿದ್ದರು. ಚಿತ್ರದ ಹಿಂದೆ ಪೆನ್ಸಿಲ್ಲಿನ ಗೀಟು ಬಿದ್ದರೂ ಸಹಿಸದ ಮನುಷ್ಯ ಹನ್ನೆರಡು ಕಡೆ ಇಂಕಿನಲ್ಲಿ ಬರೆದಿದ್ದರು. ದಪ್ಪ ಕಾಗದವಾದ್ದರಿಂದ ಮುಂದಕ್ಕೆ ಇಂಗಿರಲಿಲ್ಲ. ಅಷ್ಟು ದಪ್ಪವಿತ್ತು ಅದು.

"ಇದ್ರಲ್ಲಿ ನಿಮ್ದು ಯಾವ್ದಾರ ಇದ್ರೆ ತಕ್ಕೊಂಡೋಗ್ಬುಡಿ ಮೇಷ್ಟ್ರೇ" ಅಂದರು ಆಕೆ. "ಇನ್ನೊಬ್ರ ವಸ್ತು ಮನೇಲಿರ್ಬಾರ್ದು ಅಂತಿದ್ರು."

"ಇಲ್ಲಮ್ಮ. ನಮ್ಮದು ಯಾವುದೂ ಇಲ್ಲ. ಯಾವತ್ತೂ ಇರಲಿಲ್ಲ." ಬಸರಾಳಿನ ವಿಷಯ ಹೇಳಿದೆ. ಪಟ್ಟಿಯ ವಿಷಯ, ಮಂಡ್ಯದ ವಿಷಯ, ನಾನು ಬರೆದುಕೊಟ್ಟ ಎರಡು ವಾಕ್ಯದ ವಿಷಯ, ಎಲ್ಲ ಹೇಳಿದೆ. ಆಕೆ ಸೆರಗಿನಿಂದ ಪೆಟ್ಟಿಗೆಯ ಅಂಚು ಒರೆಸುತ್ತ ಕೇಳಿಸಿಕೊಂಡರು.

"ಅಂಗಾರೆ ಅದ್ನೂ ಬರ್ದು ಕೊಟ್ಟೋಗಿ" ಅಂದರು.

ಜೇಬಿನಿಂದ ಪೆನ್ನು ತೆಗೆದೆ. ಆಕೆ ಒಳಗಿನಿಂದ ಅವರ ಡ್ರಾಯಿಂಗ್ ಪುಸ್ತಕದ ಒಂದು ದಪ್ಪ ಹಾಳೆ ತಂದುಕೊಟ್ಟರು. ಎರಡು ವಾಕ್ಯ ಬರೆದು ಸಹಿ ಹಾಕಿದೆ. ಆಕೆ ಕಾಗದ ಇಸಕೊಂಡು ತಿರುಗಿಸಿ ನೋಡಿ ನನಗೇ ವಾಪಸು ಕೊಟ್ಟರು.

"ನಂಗ್ ಓದಾಕ್ ಬರಾಕಿಲ್ಲ. ಏನ್ ಬರ್ದಿದೀರಿ, ಓದಿ ಯೋಳಿ."

"ಆ ಪುಸ್ತಕದಲ್ಲಿ ಮೂರು ಚಿತ್ರಗಳು ಮೊದಲಿಂದಲೂ ಇರಲಿಲ್ಲ. ಇವರು ಯಾವುದನ್ನೂ ತೆಗೆದಿಲ್ಲ."

ಆಕೆ ಅಂಗಳದ ಆಚೆಗೆ ತಿರುಗಿ, ಅವರನ್ನು ಮಣ್ಣು ಮಾಡಿದ್ದ ಗದ್ದೆಯ ದಿಕ್ಕಿಗೆ ನೋಡಿದರು.

"ಇನ್ನೊಂದ್ ಕಿತ ಓದಿ" ಅಂದರು. "ಒಸಿ ಜೋರಾಗಿ."

ಎದ್ದು ನಿಂತು ಓದಿದೆ.